ಕಣಾರೇಟ್ಟನ ಪಾಲಿನ ಬೀಡಿ

ಕಣಾರೇಟ್ಟ ಪೇಪರು ಓದುತ್ತಿದ್ದರೆ ನಮ್ಮ ಮಾವಿಲಪಾರದಲ್ಲಿ ಬಸ್ಸಿನವರು ಕೂಡ ಹಾರನ್ ಹೊಡೆಯುತ್ತಿರಲಿಲ್ಲ. ಉಬ್ಬಿಸಿ ಹೇಳುತ್ತಿದ್ದೇನೆ ಅಂತ ಯಾರಿಗಾದರೂ ಅನ್ನಿಸಿದರೆ ಅನ್ನಿಸಲಿ. ಅವರು ಆ ಕಂಠ ಕೇಳಿಲ್ಲ, ನಾನು ಕೇಳಿದ್ದೇನೆ.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದಳು. ಮಧ್ಯಾಹ್ನದ ಗಂಜಿಯ ತೂಕುಪಾತ್ರೆ ಹಿಡಿದು ನಾನು ದಿನಾ ಬೀಡಿ ಬ್ರಾಂಚಿಗೆ ಹೋಗುತ್ತಿದ್ದೆ. ಉದ್ದನೆಯ ಹೆಂಚಿನ ಮನೆ. ಒಳಗೆ ಸಾಲಾಗಿ ಕೂತ ಗಂಡಸರು, ಹೆಂಗಸರು. ಎಲ್ಲರ ತೊಡೆಯ ಮೇಲೂ ಒಂದೊಂದು ಮೊರ. ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲಿನ ಉಂಡೆ. ನಡುವೆ ಒಂದು ಎತ್ತರದ ಸ್ಟೂಲು. ಸ್ಟೂಲಿನ ಮೇಲೆ ಕಣಾರೇಟ್ಟ; ನಮ್ಮ ಮಲಯಾಳಂನಲ್ಲಿ ಏಟ್ಟ ಅಂದರೆ ಅಣ್ಣ, ಊರಿಗೆಲ್ಲ ಅವರು ಅಣ್ಣ. ಬೆಳಿಗ್ಗೆ ಪೇಪರು, ಮಧ್ಯಾಹ್ನದ ಮೇಲೆ ಕಾದಂಬರಿ. ಮಂತ್ರಿಯ ಭಾಷಣ ಬಂದರೆ ಮಂತ್ರಿಯ ದನಿ, ಕಾದಂಬರಿಯಲ್ಲಿ ಹುಡುಗಿ ಅತ್ತರೆ ಹುಡುಗಿಯ ದನಿ. ಅಷ್ಟು ಜನ ಕೂತಿದ್ದರೂ ಎಲೆ ಸುರುಳಿಯಾಗುವ ಸರಸರ ಬಿಟ್ಟರೆ ಬೇರೆ ಶಬ್ದ ಇರುತ್ತಿರಲಿಲ್ಲ. ನಾನು ತೂಕು ಇಟ್ಟು ಓಡಿಹೋಗುವ ಹುಡುಗಿಯಲ್ಲ. ಬಾಗಿಲಿಗೆ ಒರಗಿ ನಿಂತೇಬಿಡುತ್ತಿದ್ದೆ, ಶಾಲೆಗೆ ತಡವಾಗಿ ಹೋಗಿ ಪೆಟ್ಟು ತಿನ್ನುತ್ತಿದ್ದೆ.

ಓದುವವನಿಗೆ ಬೀಡಿ ಕಟ್ಟಲು ಕೈ ಎಲ್ಲಿದೆ? ಬೀಡಿ ಕಟ್ಟದಿದ್ದರೆ ಕೂಲಿ ಎಲ್ಲಿದೆ? ಅದಕ್ಕೆ ಬ್ರಾಂಚಿನಲ್ಲಿ ಒಂದು ಪದ್ಧತಿ. ಕಟ್ಟುವವರು ತಮ್ಮ ರಾಶಿಯಿಂದ ಕೆಲವು ಬೀಡಿಯನ್ನು ಕಣಾರೇಟ್ಟನ ಪಾಲಿಗೆ ಅಂತ ಸ್ಟೂಲಿನ ಕೆಳಗಿನ ಮೊರಕ್ಕೆ ಹಾಕಬೇಕು. ಯಾರು ಎಷ್ಟು ಹಾಕಬೇಕು ಅಂತ ಯಾರೂ ಹೇಳುವುದಿಲ್ಲ. ಸಂಜೆ ಮೊರ ತುಂಬಿರುತ್ತಿತ್ತು. ಆಗ ಕಣಾರೇಟ್ಟ ಸ್ಟೂಲಿನಿಂದ ಇಳಿದು ನಿಂತು, ವಾರ್ತೆ ಓದುವ ಅದೇ ದನಿಯಲ್ಲಿ ಹೇಳುತ್ತಿದ್ದರು: "ಇವತ್ತು ನನ್ನ ಪಾಲಿನ ಬೀಡಿ ಕಟ್ಟಿದವರು." ಆಮೇಲೆ ಒಂದೊಂದೇ ಹೆಸರು. ಅಮ್ಮನ ಹೆಸರು ಮಾಧವಿ ಅಂತ ಬಂದಾಗ, ಶಾಲೆ ಬಿಟ್ಟು ಬಂದು ನಿಂತಿದ್ದ ನನಗೆ ಪೇಪರಿನಲ್ಲೇ ಅಚ್ಚಾದ ಹಾಗೆ ಅನ್ನಿಸುತ್ತಿತ್ತು.

ಒಂದು ಹೆಸರು ಮಾತ್ರ ಯಾವತ್ತೂ ಬರುತ್ತಿರಲಿಲ್ಲ. ಅದೇ ಸಾಲಿನಲ್ಲಿ ಕೂತು ಬೀಡಿ ಕಟ್ಟುತ್ತಿದ್ದ ಜಾನು ಏಡತ್ತಿ, ಅಂದರೆ ಜಾನು ಅತ್ತಿಗೆ. ಕಣಾರೇಟ್ಟನ ಹೆಂಡತಿ. ಆ ಮೊರಕ್ಕೆ ಎಲ್ಲರಿಗಿಂತ ಹೆಚ್ಚು ಹಾಕುತ್ತಿದ್ದವರೂ ಅವರೇ.

"ಎಲ್ಲರ ಹೆಸರೂ ಕರೀತಾರೆ, ನಂದು ಮಾತ್ರ ಗಂಟಲಲ್ಲಿ ಸಿಕ್ಕಿಹಾಕ್ಕೊಳ್ತದೆ," ಅಂತ ಏಡತ್ತಿ ಹೇಳುವುದು.

"ಮನೆ ಅನ್ನಕ್ಕೆ ಯಾರಾದ್ರೂ ಉಪಕಾರ ಹೇಳ್ತಾರೇನೇ?" ಅಂತ ಕಣಾರೇಟ್ಟ ನಗುವುದು.

"ಅನ್ನ ಇಲ್ಲದ ದಿನ ಹೇಳ್ತೀರಿ ಬಿಡಿ."

ಇದು ಅವರ ಸಂಸಾರದ ಹಳೆಯ ಜಗಳ. ಕೇಳುವವರಿಗೆ ತಮಾಷೆ. ಏಡತ್ತಿಗೆ ಅಷ್ಟೇನೂ ತಮಾಷೆಯಲ್ಲ ಅಂತ ನನಗೆ ದೊಡ್ಡವಳಾದ ಮೇಲೆ ಗೊತ್ತಾಯಿತು.

ಕಾಲ ಹೋಯಿತು. ಗಂಡಸರು ಬೀಡಿ ಬಿಟ್ಟು ಗಲ್ಫಿಗೆ, ಕಟ್ಟಡದ ಕೆಲಸಕ್ಕೆ ಹೋದರು. ಬ್ರಾಂಚಿನಲ್ಲಿ ಉಳಿದದ್ದು ವಯಸ್ಸಾದ ಹೆಂಗಸರು. ಅಮ್ಮ ತೀರಿಕೊಂಡಳು. ನಾನು ಊರಿನ ಹೈಸ್ಕೂಲಿನಲ್ಲೇ ಗಣಿತ ಕಲಿಸಲು ಸೇರಿದೆ. ಕಣಾರೇಟ್ಟನ ಕಣ್ಣಿನ ನರ ಒಣಗತೊಡಗಿತು. ಮೊದಲು ಪಕ್ಕದ್ದು ಕಾಣಲಿಲ್ಲ, ಆಮೇಲೆ ಸಣ್ಣಕ್ಷರ ಹೋಯಿತು. ಅವರು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ಏಡತ್ತಿ ಮನೆಯಲ್ಲಿ ತಲೆಬರಹಗಳನ್ನು ಓದಿ ಹೇಳುವುದು, ಇವರು ಬಾಯಿಪಾಠ ಮಾಡಿ ಬ್ರಾಂಚಿಗೆ ಬಂದು ಪೇಪರು ಬಿಡಿಸಿ ಹಿಡಿದು ಗಟ್ಟಿಯಾಗಿ ಓದುವುದು. ಎಷ್ಟೋ ಸಮಯ ಹಾಗೇ ನಡೆಯಿತು, ಯಾರಿಗೂ ಅನುಮಾನ ಬರಲಿಲ್ಲ. ಒಂದು ದಿನ ಕೌಸು, ಬ್ರಾಂಚಿನ ಅತಿ ದೊಡ್ಡ ಬಾಯಿ ಅವಳದೇ, "ಕಣಾರೇಟ್ಟಾ, ಕೆಳಗಡೆ ಮೂಲೇಲಿ ಸಿನೆಮಾದ್ದು ಏನೋ ಹಾಕಿದ್ದಾರಲ್ಲ, ಅದನ್ನ ಓದಿ" ಅಂದಳು. ಅವಳಿಗೆ ಏನೂ ಕೆಟ್ಟ ಯೋಚನೆ ಇರಲಿಲ್ಲ. ಕಣಾರೇಟ್ಟ ಪೇಪರನ್ನು ಮಡಚಿದರು. ಸ್ಟೂಲಿನಿಂದ ಇಳಿದರು. ಗೋಡೆ ಹಿಡಿದುಕೊಂಡು ಮನೆಗೆ ಹೋದರು, ಮತ್ತೆ ಬರಲಿಲ್ಲ.

ಓದಿ ಹೇಳುತ್ತೇವೆ ಅಂತ ಹೋದವರನ್ನೆಲ್ಲ ಬೈದು ಕಳಿಸಿದರು. ನನ್ನನ್ನೂ ಬೈದರು.

"ಒಂದು ಬ್ರಾಂಚಿಗೇ ಓದಿ ಹೇಳಿದವ ನಾನು. ಈಗ ನಿನ್ನ ಎದುರು ಬಾಯಿ ಬಿಟ್ಕೊಂಡು ಕೂತು ಕೇಳ್ಬೇಕಾ? ನಿನ್ನ ಓದು ನಾನು ಕೇಳಿದ್ದೇನೆ. ಲೆಕ್ಕ ಹೇಳಿದ ಹಾಗೆ ಓದ್ತೀಯ."

ನಾನು ಅವರ ಪಕ್ಕದ ಮನೆಯವಳು. ಊರಿಗೆಲ್ಲ ಪ್ರೇಮಜಾ ಟೀಚರ್ ಆದರೂ ಅವರಿಗೆ ನಾನು ಗಂಜಿ ತರುತ್ತಿದ್ದ ಹುಡುಗಿ. ನನಗೂ ಸಿಟ್ಟು ಬೇಗ ಬರುತ್ತದೆ. "ಹಾಗಾದ್ರೆ ಗೋಡೆ ನೋಡ್ಕೊಂಡು ಕೂತಿರಿ" ಅಂದು ಬಂದೆ.

ಆದರೆ ಶಾಲೆಯಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನನ್ನ ತಲೆಗೆ ಕಟ್ಟಿದ್ದರು. ಗಣಿತ ಬಂದವರಿಗೆ ಅದೂ ಬರುತ್ತದೆ ಅನ್ನುವುದು ನಮ್ಮ ಹೆಡ್‌ಮಾಸ್ಟರ ನಂಬಿಕೆ. ನಮ್ಮ ಕಡೆ ಶಾಲೆಯ ಕಂಪ್ಯೂಟರುಗಳನ್ನು ನಡೆಸುವುದು ಲಿನಕ್ಸ್ ಅನ್ನುವ ಬಿಟ್ಟಿ ತಂತ್ರಾಂಶ. ಕಲಿಸುವವರಿಗೂ ಕಲಿಯುವವರಿಗೂ ಅದೇ. ಅದರಲ್ಲಿ ಪರದೆಯ ಮೇಲಿನ ಅಕ್ಷರವನ್ನು ಮಲಯಾಳಂನಲ್ಲಿ ಓದಿ ಹೇಳುವ ಏರ್ಪಾಟು ಇದೆ ಅಂತ ಒಂದು ತರಬೇತಿಯಲ್ಲಿ ಕೇಳಿದೆ. ವಾಚನಾಲಯದಲ್ಲಿ ಯಾರೋ ಗಲ್ಫಿನಿಂದ ತಂದು ದಾನ ಕೊಟ್ಟ ಹಳೆಯ ಲ್ಯಾಪ್‌ಟಾಪೊಂದು ಧೂಳು ತಿನ್ನುತ್ತಿತ್ತು. ಕಮಿಟಿಯವರನ್ನು ಕೇಳಿ ಅದನ್ನು ತಂದು ಲಿನಕ್ಸ್ ಹಾಕಿದೆ. ಕಣಾರೇಟ್ಟನ ಜಗಲಿಯಲ್ಲಿ ಇಟ್ಟು ಒಂದು ಗುಂಡಿ ಒತ್ತಿದೆ. ಲ್ಯಾಪ್‌ಟಾಪು ಮೂಗಿನಲ್ಲಿ ಮಾತಾಡಿತು.

"ಯಾರಿದು?" ಅಂತ ಕಣಾರೇಟ್ಟ ಬೆನ್ನು ನೆಟ್ಟಗೆ ಮಾಡಿದರು.

"ಓದುವವನು. ಇವನ ಎದುರು ಕೂರಲಿಕ್ಕೆ ನಾಚಿಕೆ ಪಡಬೇಕಾಗಿಲ್ಲ, ಇವನಿಗೆ ಬಾಯಿಯೇ ಇಲ್ಲ."

"ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ತಗೋಬೇಕು ಒಂದೂ ಗೊತ್ತಿಲ್ಲ. ಪಂಚಾಯಿತಿ ಗುಮಾಸ್ತ ಇದ್ದ ಹಾಗಿದ್ದಾನೆ," ಅಂದರು. ಅಂದಿನಿಂದ ಅದಕ್ಕೆ ಗುಮಾಸ್ತ ಅಂತಲೇ ಹೆಸರು. ಬೈದರು, ಆದರೆ ಎದ್ದು ಹೋಗಲಿಲ್ಲ. ಅದು ನನಗೆ ಸಾಕಾಗಿತ್ತು.

ಗುಮಾಸ್ತನಿಗೆ ಪೇಪರು ಓದಲು ಇಂಟರ್ನೆಟ್ಟು ಬೇಕು. ವಾಚನಾಲಯದ ಪೆಟ್ಟಿಗೆಯಿಂದ ವೈಫೈ ಅವರ ಜಗಲಿಯವರೆಗೂ ಬರುತ್ತಿತ್ತು. ನನ್ನ ಶಾಲೆಯ ಲ್ಯಾಪ್‌ಟಾಪಿಗೆ ಸಿಕ್ಕಿತು, ಇದಕ್ಕೆ ಸಿಗಲಿಲ್ಲ. ಮೂಲೆಯಲ್ಲಿ ಇರಬೇಕಾದ ವೈಫೈ ಗುರುತೇ ಇಲ್ಲ. ನನಗೂ ಆಗ ಇದರ ತಲೆಬುಡ ಗೊತ್ತಿರಲಿಲ್ಲ. ತರಬೇತಿಯಲ್ಲಿ ಒಬ್ಬರು ಹೇಳಿದ್ದಿಷ್ಟು: ಗಾಬರಿಯಾಗಿ ಕಂಡದ್ದನ್ನೆಲ್ಲ ಒತ್ತಬೇಡಿ, ಯಂತ್ರವನ್ನೇ ಕೇಳುತ್ತಾ ಹೋಗಿ.

ಹಾಗಾಗಿ ಕೇಳಿದೆ. ಮೊದಲ ಪ್ರಶ್ನೆ: ನಿನ್ನ ಹೊಟ್ಟೆಯೊಳಗೆ ಏನೇನಿದೆ? ಒಂದು ಸಣ್ಣ ಆಜ್ಞೆ ಬರೆದರೆ ಒಳಗಿನ ಬಿಡಿಭಾಗಗಳನ್ನೆಲ್ಲ ಹೇಳುತ್ತದೆ. ಗುಮಾಸ್ತ ಅದನ್ನು ಒಂದೇ ಉಸಿರಿನಲ್ಲಿ ಓದತೊಡಗಿದ. ನನ್ನ ಕಣ್ಣು ಪರದೆಯ ಮೇಲೆ ಓಡುತ್ತಿತ್ತು, ಏನೂ ಹಿಡಿಯುತ್ತಿರಲಿಲ್ಲ.

"ನಿಲ್ಲಿಸು," ಅಂದರು ಕಣಾರೇಟ್ಟ. "ಈಗ ನೆಟ್‌ವರ್ಕ್ ಅಂದ. ವೈರ್‌ಲೆಸ್ ಅಂತಲೂ ಅಂದ."

ನೋಡಿದರೆ ಹೌದು. ಭಾಗ ಬದುಕಿತ್ತು. ಎರಡನೆಯ ಪ್ರಶ್ನೆ: ಈ ಭಾಗವನ್ನು ನೋಡಿಕೊಳ್ಳುವವರು ಯಾರು? ಪ್ರತಿ ಭಾಗದ ಕೆಳಗೂ ಅದರ ಡ್ರೈವರ್ ಇಂಥದ್ದು ಅಂತ ಒಂದು ಸಾಲು ಇರುತ್ತದೆ. ಇದರ ಕೆಳಗೆ ಇರಲಿಲ್ಲ.

"ಡ್ರೈವರ್ ಅಂದ್ರೆ?"

"ಆ ಭಾಗದ ಹತ್ತಿರ ಹೇಗೆ ಮಾತಾಡಬೇಕು ಅಂತ ಕಂಪ್ಯೂಟರಿಗೆ ಹೇಳಿಕೊಡೋದು. ಅದಿಲ್ಲದಿದ್ರೆ ಭಾಗ ಇದ್ದೂ ಇಲ್ಲದ ಹಾಗೆ."

"ಎಲೆ ಉಂಟು, ಹೊಗೆಸೊಪ್ಪು ಉಂಟು, ಕಟ್ಟುವವರಿಲ್ಲ," ಅಂದರು. ನಾನು ಆಮೇಲೆ ಶಾಲೆಯಲ್ಲಿ ಇದನ್ನೇ ಹೇಳಿ ಪಾಠ ಮಾಡಿದ್ದೇನೆ.

ಡ್ರೈವರನ್ನು ಇಂಟರ್ನೆಟ್ಟಿನಿಂದ ತರಬೇಕು, ಇಂಟರ್ನೆಟ್ಟಿಗೆ ಡ್ರೈವರ್ ಬೇಕು. ತಲೆ ಕೆಟ್ಟುಹೋಯಿತು. ಏಡತ್ತಿ ಹಾಲಿಲ್ಲದ ಕಟ್ಟನ್ ಚಾಯ ತಂದಿಟ್ಟು, "ವಾಚನಾಲಯದಲ್ಲಿ ಆ ನೀಲಿ ವೈರು ಸುಮ್ನೆ ನೇತಾಡ್ತಿರ್ತದಲ್ಲ, ಅದು ಯಾವುದಕ್ಕೆ?" ಅಂದರು. ಅದು ಪೆಟ್ಟಿಗೆಯಿಂದ ನೇರ ಕಂಪ್ಯೂಟರಿಗೆ ಚುಚ್ಚುವ ವೈರು. ವೈಫೈ ಬಂದ ಮೇಲೆ ಅದನ್ನು ಎಲ್ಲರೂ ಮರೆತಿದ್ದೆವು. ಲ್ಯಾಪ್‌ಟಾಪು, ಕಣಾರೇಟ್ಟ, ಏಡತ್ತಿ, ನಾನು, ಎಲ್ಲರೂ ವಾಚನಾಲಯಕ್ಕೆ ಹೋದೆವು. ಕಣ್ಣು ಹೋದ ಮೇಲೆ ಕಣಾರೇಟ್ಟ ಗೇಟು ದಾಟಿದ್ದು ಅದೇ ಮೊದಲು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ವಾಪಸು ಹೋಗುತ್ತಿದ್ದರು.

ವೈರು ಚುಚ್ಚಿ, ಆ ಭಾಗದ ಹೆಸರು ಹಾಕಿ ಹುಡುಕಿದೆ. ಅದಕ್ಕೆ ಡ್ರೈವರ್ ಇತ್ತು. ಹಾಕಿಕೊಂಡು ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹೊತ್ತಿಸಿದೆವು. ವೈರು ಕಿತ್ತೆ. ಗುಮಾಸ್ತ ಹೆಸರುಗಳನ್ನು ಓದತೊಡಗಿದ: ವಾಚನಾಲಯದ್ದು, ಸಹಕಾರಿ ಬ್ಯಾಂಕಿನದ್ದು, ಮಸೀದಿಯ ಪಕ್ಕದ ಅಂಗಡಿಯದ್ದು, ಇನ್ನೂ ಯಾರ್ಯಾರದೋ.

ಕಣಾರೇಟ್ಟ ಮುಖ ಮೇಲೆತ್ತಿದರು. "ಇವೆಲ್ಲ ಇಷ್ಟು ಹೊತ್ತೂ ಇಲ್ಲೇ ಇದ್ದವಾ?"

"ಇದ್ದವು. ನಮ್ಮ ಮೈ ದಾಟಿಕೊಂಡೇ ಹೋಗ್ತಿದ್ದವು."

"ನಿಂಗೆ ಕಾಣ್ತದಾ?"

"ಇಲ್ಲ."

"ಜಾನೂ, ನಿಂಗೆ?"

"ನಂಗೆ ನಿಮ್ಮ ಹರಿದ ಬನಿಯನ್ನು ಕಾಣ್ತಿದೆ."

"ಹಾಗಾದ್ರೆ ಈ ವಿಷಯದಲ್ಲಿ ನಾವೆಲ್ಲ ಒಂದೇ," ಅಂದರು ಕಣಾರೇಟ್ಟ. ಹೇಳಿ ಕೈಯನ್ನು ಗಾಳಿಯಲ್ಲಿ ಚಾಚಿ ಬೆರಳಾಡಿಸಿದರು. ನಾನು ಮಕ್ಕಳಿಗೆ ಎಷ್ಟೋ ಸಲ ಅಲೆಗಳ ಬಗ್ಗೆ ಹೇಳಿದ್ದೇನೆ. ಆದರೆ ಆ ಕೈಯನ್ನು ನೋಡಿದಾಗಲೇ ನನಗೆ ಮೈ ಜುಮ್ಮೆಂದದ್ದು.

ಮನೆಗೆ ಬರುವ ದಾರಿಯಲ್ಲಿ ಕೇಳಿದರು. "ಈ ಡ್ರೈವರನ್ನ ಆ ಭಾಗ ಮಾಡಿದ ಕಂಪನಿಯವರೇ ಕೊಟ್ಟದ್ದಾ?"

"ಅಲ್ಲ. ಅವರು ಅದರ ಹತ್ತಿರ ಮಾತಾಡೋದು ಹೇಗೆ ಅಂತ ಯಾರಿಗೂ ಹೇಳಲೇ ಇಲ್ಲವಂತೆ. ಯಾರೋ ಒಬ್ಬ ಹೊರಗಿನವನು, ಅದು ಬೇರೆ ಕಂಪ್ಯೂಟರಿನಲ್ಲಿ ಏನೇನು ಮಾತಾಡ್ತದೆ ಅಂತ ಕಿವಿಗೊಟ್ಟು ಕೂತು, ಸ್ವಲ್ಪ ಸ್ವಲ್ಪ ತಿಳ್ಕೊಂಡು ಬರೆದದ್ದಂತೆ."

ಕಣಾರೇಟ್ಟ ನಡೆಯುವುದನ್ನು ನಿಲ್ಲಿಸಿದರು. "ಕೇಳಿಸ್ಕೊಂಡೇ ಕಲಿತನಾ?"

"ಹಾಗೇ ಅಂತಿಟ್ಕೊಳ್ಳಿ."

"ಸಂಬಳ ಎಷ್ಟಂತೆ?"

"ಇಲ್ಲ. ಬರೆದು ಎಲ್ಲರಿಗೂ ಅಂತ ಇಟ್ಟಿದ್ದಾನೆ."

"ಹೆಸರಿಲ್ಲವಾ ಅವನಿಗೆ?"

ಮನೆಗೆ ಬಂದು ಅದನ್ನೂ ಯಂತ್ರವನ್ನೇ ಕೇಳಿದೆ. ಡ್ರೈವರಿನ ಒಳಗೆ ಬರೆದವನ ಹೆಸರು ಇರುತ್ತದೆ. ಮಿಲೋಶ್ ಅಂತ ಇತ್ತು. ಈಮೇಲ್ ವಿಳಾಸದ ಬಾಲ ನೋಡಿದರೆ ಚೆಕ್ ದೇಶದವನು ಇರಬೇಕು. ಗುಮಾಸ್ತ ಹೆಸರನ್ನು ಕೊಂದು ಓದಿದ. ಕಣಾರೇಟ್ಟ ನನ್ನ ಬಾಯಿಂದ ಮತ್ತೆ ಮತ್ತೆ ಹೇಳಿಸಿಕೊಂಡು, ಹೊಸ ಹೆಸರುಗಳನ್ನು ಸ್ಟೂಲಿನ ಮೇಲೆ ಅಭ್ಯಾಸ ಮಾಡುತ್ತಿದ್ದ ಹಾಗೆ, ಸರಿಯಾಗಿ ಬರುವವರೆಗೂ ಹೇಳಿದರು. "ಯಾರ ಮುಖ ನೋಡಿ ಮಾಡಿದ ಪುಣ್ಯಾತ್ಮ," ಅಂದರು.

ಆಮೇಲೆ ದಿನಾ ಪೇಪರು. ಬೆಳಿಗ್ಗೆ ಪುಟ್ಟು ಕಡಲೆ ಎದುರಿಗಿಟ್ಟುಕೊಂಡು ಗುಮಾಸ್ತನ ಜೊತೆ ಜಗಳ. "ಅಲ್ಲಯ್ಯಾ, ಸತ್ತವರ ಸುದ್ದಿಯನ್ನೂ ಅದೇ ದನಿಯಲ್ಲಿ ಓದ್ತೀಯಲ್ಲ!" ಬೇಲಿಯ ಈಚೆಗೆ ನಿಂತು ನಾನು ನಗುವುದು.

ಇಷ್ಟರಲ್ಲಿ ಬೀಡಿ ಬ್ರಾಂಚು ಮುಚ್ಚುತ್ತದೆ ಅಂತ ಸುದ್ದಿ ಬಂತು. ಕೌಸು ಮತ್ತು ಅವಳ ಜೊತೆಯ ರೋಹಿಣಿ ಕಣಾರೇಟ್ಟನ ಮನೆಗೆ ಬಂದರು. ಕೌಸು ಬಾಗಿಲಲ್ಲೇ ನಿಂತಳು. ಸಿನೆಮಾದ ಆ ದಿನದಿಂದ ಅವಳು ಆ ಜಗಲಿ ಹತ್ತಿರಲಿಲ್ಲ.

"ಕೊನೇ ದಿನ ಒಮ್ಮೆ ಓದಬೇಕು, ಕಣಾರೇಟ್ಟಾ," ಅಂದಳು ರೋಹಿಣಿ. "ನಿಮ್ಮ ಓದು ಇಲ್ಲದೆ ಆ ಬಾಗಿಲು ಹಾಕ್ಕೊಂಡ್ರೆ ನಮ್ಗೆ ಸರಿಹೋಗಲ್ಲ. ಏನು ಬೇಕಾದ್ರೂ ಓದಿ. ಬಾಯಿಪಾಠ ಇದ್ದದ್ದೇ ಹೇಳಿ."

"ಬಾಯಿಪಾಠ ಒಮ್ಮೆ ಹೇಳಿ ನೋಡಿದ್ದಾಯ್ತು," ಅಂದರು ಕಣಾರೇಟ್ಟ. ಕೌಸು ತಲೆ ತಗ್ಗಿಸಿದಳು. ಆಮೇಲೆ ಅವರೇ ಹೇಳಿದರು: "ಓದ್ತೇನೆ. ಅವತ್ತಿನ ಪೇಪರನ್ನೇ ಓದ್ತೇನೆ. ಕೌಸೂ, ನೀನು ಯಾವ ಮೂಲೆಯದ್ದು ಕೇಳಿದ್ರೂ ಓದ್ತೇನೆ."

ಉಪಾಯ ಅವರದ್ದೇ. ಕಿವಿಗೆ ಗುಮಾಸ್ತ ಹೇಳಬೇಕು, ಬಾಯಿಂದ ಇವರು ಹೇಳಬೇಕು. ಗುಮಾಸ್ತ ಒಂದು ವಾಕ್ಯ ಮುಂದೆ, ಇವರು ಒಂದು ವಾಕ್ಯ ಹಿಂದೆ. ಕೇಳಲು ಸುಲಭ, ಮಾಡಿ ನೋಡಿ ಗೊತ್ತಾಗುತ್ತದೆ. ನಾನು ಪ್ರಯತ್ನಿಸಿ ಎರಡನೆಯ ವಾಕ್ಯಕ್ಕೇ ತೊದಲಿದೆ. ಕಣಾರೇಟ್ಟ ಜಗಲಿಯಲ್ಲಿ ಕೂತು ಅಭ್ಯಾಸ ಮಾಡಿದರು. ಗುಮಾಸ್ತನ ಒಣ ದನಿ ಒಂದು ಕಿವಿಯಿಂದ ಒಳಗೆ ಹೋಗಿ, ಬಾಯಿಂದ ಬರುವಾಗ ಕಣಾರೇಟ್ಟನ ಕಂಠವಾಗಿರುತ್ತಿತ್ತು. ಗೇರುಬೀಜದ ಬೆಲೆ ಇಳಿದ ಸುದ್ದಿಯನ್ನು ಅವರು ಹೇಳಿದ್ದು ಕೇಳಿ ಏಡತ್ತಿ ಅಡುಗೆಮನೆಯಿಂದ ಹೊರಗೆ ಬಂದು ನಿಂತರು. "ಈ ಕಂಠಕ್ಕೇ ನಾನು ಮೋಸಹೋದದ್ದು," ಅಂದರು. ಅವರ ಕಣ್ಣು ತುಂಬಿತ್ತು.

ಮುಂಚಿನ ದಿನ ಬ್ರಾಂಚಿಗೆ ಹೋಗಿ ಬೆಂಚಿನ ಮೇಲೆ ಲ್ಯಾಪ್‌ಟಾಪು ಇಟ್ಟು ನೋಡಿದ್ದೆವು. ವಾಚನಾಲಯ ಎದುರು ಅಂಗಳದಲ್ಲೇ. ವೈಫೈ ಚೆನ್ನಾಗಿ ಸಿಗುತ್ತಿತ್ತು.

ಕೊನೆಯ ದಿನ ಹೆಂಗಸರೆಲ್ಲ ಜರಿಯ ಕಸವು ಅಂಚಿನ ಬಿಳಿ ಮುಂಡು ಉಟ್ಟು ಸೆರಗು ಹೊದ್ದುಕೊಂಡು ಬಂದಿದ್ದರು. ಕೆಲಸ ಬಿಟ್ಟುಹೋದ ಹಳಬರೂ ಬಂದಿದ್ದರು. ಮೊರ ತೊಡೆಯ ಮೇಲಿಟ್ಟು, ಉಳಿದ ಎಲೆ ಹಂಚಿಕೊಂಡು, ಸಾಲಾಗಿ ಕೂತರು. ಯಾರೋ ಸ್ಟೂಲಿಗೆ ಎಣ್ಣೆ ಹಚ್ಚಿ ಒರೆಸಿದ್ದರು. ಕಣಾರೇಟ್ಟ ಅದನ್ನು ಕೈಯಿಂದ ಮುಟ್ಟಿ ನೋಡಿ ಹತ್ತಿ ಕೂತರು.

"ಲ್ಯಾಪ್‌ಟಾಪು ಬರೀ ತೊಡೆ ಮೇಲೆ ಜಾರ್ತದೆ. ಒಂದು ಮೊರ ಕೊಡೇ," ಅಂದರು. ಏಡತ್ತಿ ತಮ್ಮ ಮೊರವನ್ನೇ ಕೊಟ್ಟರು. ಮೊರ ತೊಡೆಯ ಮೇಲೆ, ಮೊರದೊಳಗೆ ಲ್ಯಾಪ್‌ಟಾಪು. ಬೀಡಿಯವರಿಗೆ ಮೊರವನ್ನು ಹೊಟ್ಟೆಗೆ ಎಳೆದುಕೊಂಡು ಕೂರದಿದ್ದರೆ ಕೂತ ಹಾಗೇ ಆಗುವುದಿಲ್ಲ. ಕಣಾರೇಟ್ಟ ಹಾಗೆ ಎಳೆದುಕೊಂಡರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿದರು, ಗಂಟಲು ಸರಿಮಾಡಿಕೊಂಡರು. ಎಲೆಯ ಸರಸರ ನಿಂತಿತು.

ಅವರ ಮುಖ ಬದಲಾದದ್ದು ನನಗೆ ಕಾಣಿಸಿತು. "ಟೀಚರೇ," ಅಂದರು ಮೆಲ್ಲಗೆ. "ಸಂಪರ್ಕ ಕಡಿದಿದೆ ಅಂತಿದ್ದಾನೆ."

ನಾನು ಓಡಿಹೋಗಿ ನೋಡಿದೆ. ಒಂದು ಹೆಸರೂ ಇಲ್ಲ. ವಾಚನಾಲಯದ್ದಿಲ್ಲ, ಬ್ಯಾಂಕಿನದ್ದಿಲ್ಲ, ಅಂಗಡಿಯದ್ದೂ ಇಲ್ಲ. ಮತ್ತೆ ಮೊದಲಿನಿಂದ ಕೇಳುತ್ತಾ ಬಂದೆ. ಭಾಗ ಇದೆಯಾ? ಇದೆ. ನೋಡಿಕೊಳ್ಳುವವರು ಇದ್ದಾರಾ? ಇದ್ದಾರೆ, ಮಿಲೋಶನ ಡ್ರೈವರ್ ತನ್ನ ಜಾಗದಲ್ಲೇ ಕೂತಿದೆ. ಎಲ್ಲ ಸರಿ ಇದೆ, ಏನೂ ಇಲ್ಲ.

"ಕಣಾರೇಟ್ಟಾ, ವಾಚನಾಲಯಕ್ಕೆ ಹೋಗಿ ವೈರು ಚುಚ್ಚಿ ಒಂದಷ್ಟು ಸುದ್ದಿ ಇಳಿಸಿಕೊಂಡು ಬರ್ತೇನೆ. ಅದನ್ನೇ ಓದಿ."

"ನೀನು ಆರಿಸಿದ್ದನ್ನ ನಾನು ಓದೋದಾ? ಇಲ್ಲಿ ಕೇಳುವವರು ಕೇಳಿದ್ದನ್ನ ಓದೋದು. ಅದಲ್ಲದಿದ್ರೆ ಇದು ಬ್ರಾಂಚಲ್ಲ."

ಆಗ ಕೌಸು ಎದ್ದಳು. ಪಾಪ, ಒಳ್ಳೆಯದಕ್ಕೇ ಎದ್ದದ್ದು. ಕೈಯಲ್ಲಿ ಅವತ್ತಿನ ಪೇಪರಿತ್ತು. "ನಾನು ಪಕ್ಕದಲ್ಲಿ ನಿಂತು ಕಿವೀಲಿ ಹೇಳ್ತೇನೆ. ಯಾರಿಗೂ ಕೇಳಿಸಲ್ಲ. ನೀವು ಗಟ್ಟಿಯಾಗಿ ಹೇಳಿ."

ಕಣಾರೇಟ್ಟನ ಮುಖದಿಂದ ರಕ್ತವೇ ಇಳಿದುಹೋಯಿತು. ಅವತ್ತು ಪೇಪರು ಮಡಚಿದಾಗಲೂ ಹೀಗೇ ಆಗಿತ್ತಂತೆ. ಅವರು ಒಂದು ಕಾಲನ್ನು ಸ್ಟೂಲಿನಿಂದ ಕೆಳಗೆ ಇಳಿಸಿದರು. ಈ ಸಲ ಇಳಿದರೆ ಮತ್ತೆ ಗೇಟು ದಾಟುವ ಮನುಷ್ಯ ಅಲ್ಲ ಅಂತ ನನಗೆ ಗೊತ್ತಿತ್ತು. ಏಡತ್ತಿಗೂ ಗೊತ್ತಿತ್ತು. "ಇಳೀಬೇಡಿ," ಅಂದರು ಏಡತ್ತಿ. ಅಷ್ಟು ಜನರ ಎದುರು ಅವರು ಗಂಡನಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. "ಟೀಚರ್ ಕೇಳ್ತಿದ್ದಾಳೆ. ಪ್ರಶ್ನೆ ಮುಗೀಲಿ."

ಒಂದು ಪ್ರಶ್ನೆ ಬಾಕಿ ಇತ್ತು. ಯಾರಾದರೂ ಇದರ ಬಾಯಿ ಮುಚ್ಚಿಸಿದ್ದಾರಾ? ಅದಕ್ಕೆ ಬೇರೆ ಆಜ್ಞೆ ಇದೆ. ಬರೆದೆ. ಅಷ್ಟರಲ್ಲಿ ಇಯರ್‌ಫೋನಿನ ವೈರು ಕಣಾರೇಟ್ಟನ ಮೊಣಕೈಗೆ ಸಿಕ್ಕಿ ಕಿತ್ತುಬಂತು. ಗುಮಾಸ್ತನ ಮೂಗಿನ ದನಿ ಇಡೀ ಬ್ರಾಂಚಿನಲ್ಲಿ ಮೊಳಗಿತು. ಹೆಂಗಸರು ಬೆಚ್ಚಿಬಿದ್ದರು, ಆಮೇಲೆ ಒಬ್ಬಳು ಕಿಸಕ್ಕೆಂದಳು. "ಅಯ್ಯೋ, ಇವನ ಕೈಯಲ್ಲಿ ಓದಿಸ್ಕೊಂಡ್ರಾ ನೀವು ಇಷ್ಟು ದಿನ?"

ಗುಮಾಸ್ತ ಹೇಳಿದ್ದು ಎರಡೇ ಮಾತು. ಒಳಗಿನಿಂದ ಮುಚ್ಚಿಲ್ಲ. ಹೊರಗಿನಿಂದ ಮುಚ್ಚಿದೆ.

"ಹೊರಗಿನಿಂದ ಅಂದ್ರೆ ಕೈಯಿಂದ," ಅಂದೆ. "ಎಲ್ಲೋ ಒಂದು ಗುಂಡಿ ಇರಬೇಕು." ಕೀಲಿಗಳನ್ನೆಲ್ಲ ಹುಡುಕಿದೆ, ಎಡ ನೋಡಿದೆ, ಬಲ ನೋಡಿದೆ. ನನಗೆ ಅಳು ಬರುವುದೊಂದು ಬಾಕಿ.

ಏಡತ್ತಿ ಹತ್ತಿರ ಬಂದು ಬಗ್ಗಿದರು. "ಇದೇನು ನನ್ನ ಮೊರದ ಅಂಚಿಗೆ ಕಚ್ಚಿಕೊಂಡಿದೆ?"

ಲ್ಯಾಪ್‌ಟಾಪಿನ ಮುಂಭಾಗದ ಅಂಚಿನಲ್ಲಿ, ಹೊಟ್ಟೆಯ ಕಡೆಗೆ, ಅಕ್ಕಿಕಾಳಿನಷ್ಟು ಒಂದು ಹಲ್ಲು, ಆಚೀಚೆ ಸರಿಯುವ ವೈಫೈ ಸ್ವಿಚ್ಚು. ಮೊರವನ್ನು ಎಳೆದುಕೊಂಡಾಗ ಅಂಚಿನ ಬೆತ್ತ ಅದನ್ನು ಒಂದು ಪಕ್ಕಕ್ಕೆ ಸರಿಸಿತ್ತು. ಮೇಜಿನ ಮೇಲಿಟ್ಟು ಕೆಲಸ ಮಾಡುವ ಯಾರಿಗೂ ಈ ಜನ್ಮದಲ್ಲಿ ಹೀಗಾಗುವುದಿಲ್ಲ. ಕಣಾರೇಟ್ಟ ಹೆಬ್ಬೆರಳಿನಿಂದ ತಡವಿದರು. "ಇದಾ? ಇದು ನಿನ್ನೆ ಬಲಕ್ಕಿತ್ತು," ಅಂದು ಬಲಕ್ಕೆ ತಳ್ಳಿದರು.

ಒಂದು ಸಣ್ಣ ನೀಲಿ ದೀಪ ಹೊತ್ತಿತು. ಗುಮಾಸ್ತ ಹೆಸರುಗಳನ್ನು ಓದತೊಡಗಿದ. ವಾಚನಾಲಯ, ಬ್ಯಾಂಕು, ಅಂಗಡಿ. ನನಗೆ ದೇವರ ನಾಮ ಕೇಳಿದ ಹಾಗಾಯಿತು. ಇದ್ದವು, ಎಲ್ಲ ಇಲ್ಲೇ ಇದ್ದವು, ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು ಅಷ್ಟೆ.

ಕಣಾರೇಟ್ಟ ಇಳಿಸಿದ ಕಾಲನ್ನು ಮೇಲೆತ್ತಿಕೊಂಡರು. ಇಯರ್‌ಫೋನ್ ಸಿಕ್ಕಿಸಿಕೊಂಡರು. ಮೊರವನ್ನು ಈ ಸಲ ಎಳೆದುಕೊಳ್ಳಲಿಲ್ಲ. "ಕೌಸೂ, ಯಾವ ಮೂಲೆ ಬೇಕು?"

ಕೌಸು ತನ್ನ ಕೈಯ ಪೇಪರನ್ನು ಮಡಚಿ ಕೆಳಗಿಟ್ಟಳು. ಆಮೇಲೆ ಹೇಳಿದಳು. "ಸಿನೆಮಾದ್ದು."

ಅವರು ಸಿನೆಮಾದ್ದು ಓದಿದರು. ಯಾವ ಊರಿನ ಯಾವ ಟಾಕೀಸಿನಲ್ಲಿ ಯಾವ ಸಿನೆಮಾ, ಅಷ್ಟೇ. ನಾನು ಬಾಗಿಲಿಗೆ ಒರಗಿ ನಿಂತು ಕೇಳಿದೆ. ಟಾಕೀಸುಗಳ ಹೆಸರು ಕೇಳಿ ಅಳುವ ಜನರನ್ನು ನಾನು ಬೇರೆಲ್ಲೂ ನೋಡಿಲ್ಲ. ಆಮೇಲೆ ಮಂತ್ರಿ, ಮಂತ್ರಿಯನ್ನು ಬೈದ ಇನ್ನೊಂದು ಪೇಪರು, ಮೀನಿನ ಬೆಲೆ, ಸತ್ತವರ ಸುದ್ದಿ. ಕೇಳಿದವರು ಕೇಳಿದ್ದನ್ನೆಲ್ಲ ಹುಡುಕಿ ಓದಿದರು. ಆ ಕಂಠಕ್ಕೆ ಏನೂ ಆಗಿರಲಿಲ್ಲ. ಆಕಾಶದಲ್ಲಿ ಎಲ್ಲಿಂದಲೋ ಬಂದ ಅಕ್ಷರ, ಮಿಲೋಶ್ ಅನ್ನುವವನೊಬ್ಬ ತೆಗೆದಿಟ್ಟ ಬಾಗಿಲಿನಿಂದ ಒಳಗೆ ಬಂದು, ಗುಮಾಸ್ತನ ಮೂಗಿನಿಂದ ಕಣಾರೇಟ್ಟನ ಕಿವಿಗೆ ಇಳಿದು, ನಮ್ಮೂರ ಹಳೆಯ ಹೆಂಚಿನ ಮನೆಯನ್ನು ತುಂಬುತ್ತಿತ್ತು. ಇದರಲ್ಲಿ ನಾನು ಅರ್ಥಮಾಡಿಕೊಂಡದ್ದು ಕಾಲು ಭಾಗ. ಉಳಿದದ್ದಕ್ಕೆ ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ.

ಸಂಜೆಯಾಯಿತು. ಎಲೆ ಮುಗಿಯಿತು. ಸ್ಟೂಲಿನ ಕೆಳಗೆ ಯಾರೋ ಇಟ್ಟಿದ್ದ ಮೊರದಲ್ಲಿ, ಹೇಳದೆ ಕೇಳದೆ, ಬೀಡಿ ತುಂಬಿತ್ತು. ಕಣಾರೇಟ್ಟ ಇಳಿದು ನಿಂತರು. ಕೈಯಿಂದ ರಾಶಿಯನ್ನು ತಡವಿದರು.

"ಇವತ್ತು ನನ್ನ ಪಾಲಿನ ಬೀಡಿ ಕಟ್ಟಿದವರು," ಅಂದರು.

ಕೌಸು. ರೋಹಿಣಿ. ಒಬ್ಬೊಬ್ಬರದೇ ಹೆಸರು. ಮಾಧವಿ, ಅಂದರು. ಅಮ್ಮ ಹೋಗಿ ವರ್ಷಗಳಾಗಿವೆ. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ.

"ಮಿಲೋಶ್."

ಹೆಂಗಸರು ಮುಖ ಮುಖ ನೋಡಿಕೊಂಡರು. "ಅದ್ಯಾರು? ಹೊಸದಾಗಿ ಸೇರಿದವನಾ, ಮುಚ್ಚುವ ದಿನ?" ಅಂದಳು ಕೌಸು.

"ದೂರದವನು. ನಮ್ಮ ಮುಖ ನೋಡಿದವನಲ್ಲ. ನಾನು ಓದಬೇಕು ಅಂತ ಯಾವತ್ತೋ ಕಟ್ಟಿಟ್ಟಿದ್ದಾನೆ," ಅಂದರು ಕಣಾರೇಟ್ಟ. ಅದಕ್ಕೆ ಬೀಡಿಯವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿ ಬರಲಿಲ್ಲ. ಇದ್ದರೂ ಇರಬಹುದು ಅಂತ ತಲೆಯಾಡಿಸಿದರು.

ಅಲ್ಲಿಗೆ ಹೆಸರು ಮುಗಿಯುವುದು ವಾಡಿಕೆ. ಎಲ್ಲರೂ ಏಳಲು ಮೊರ ಕೆಳಗಿಟ್ಟರು. ಕಣಾರೇಟ್ಟ ಮಾತ್ರ ಹಾಗೇ ನಿಂತಿದ್ದರು. ಗಂಟಲು ಸರಿಮಾಡಿಕೊಂಡರು. ಇಡೀ ದಿನ ಒಮ್ಮೆಯೂ ತಡವರಿಸದ ಆ ಕಂಠ ಆಗ ಸ್ವಲ್ಪ ಒಡೆಯಿತು.

"ಜಾನು," ಅಂದರು. "ಎಲ್ಲರಿಗಿಂತ ಹೆಚ್ಚು. ಮೊದಲ ದಿನದಿಂದ."

ಏಡತ್ತಿ ಏನಾದರೂ ಹೇಳುತ್ತಾರೆ, ಇಷ್ಟು ವರ್ಷದ್ದಕ್ಕೆಲ್ಲ ಸೇರಿಸಿ ಒಂದು ಮಾತು ಬಿಡುತ್ತಾರೆ ಅಂತ ನಾನು ಕಾದೆ. ಅವರು ಹೇಳಲಿಲ್ಲ. ಮೊರದಲ್ಲಿದ್ದ ಬೀಡಿಯನ್ನೆಲ್ಲ ಒಟ್ಟುಮಾಡಿ, ಕಟ್ಟು ಮಾಡಿ, ನೂಲು ಸುತ್ತಿ, ಗಂಡನ ಕೈಯಲ್ಲಿಟ್ಟರು. ಲ್ಯಾಪ್‌ಟಾಪನ್ನು ತಮ್ಮ ಮೊರದೊಳಗಿಟ್ಟುಕೊಂಡು, ಆ ಸಣ್ಣ ಹಲ್ಲಿಗೆ ತಗಲದ ಹಾಗೆ ಸೆರಗು ಮಡಚಿ ಅಂಚಿಗೆ ಕೊಟ್ಟು, ಮುಂದೆ ನಡೆದರು. ಕಣಾರೇಟ್ಟ ಅವರ ಹೆಗಲು ಹಿಡಿದು ಹಿಂದೆ ನಡೆದರು.